ಮೂರನೆಯ ಕೊಟೇಶನ್

ಟೆಂಡರ್ ಕರೆಯದೆ ಸಾಮಾನು ಕೊಳ್ಳುವುದೆಂದರೆ ಕಳ್ಳತನ ಎಂದು ಹೊರಗಿನವರು ತಿಳಿದಿದ್ದಾರೆ. ಅಲ್ಲವೇ ಅಲ್ಲ. ಅದು ಕಾನೂನೇ ಕೊಟ್ಟ ಸೌಕರ್ಯ. ಸಣ್ಣ ಖರೀದಿಯಾದರೆ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಕಡಿಮೆ ಹೇಳಿದವನಿಗೆ ಕೆಲಸ ಕೊಟ್ಟರೆ ಮುಗಿಯಿತು. ನಮ್ಮ ಪುರಸಭೆಯಲ್ಲಿ ಕಡಿಮೆ ಹೇಳುವವನು ಯಾರೆಂದು ಮೊದಲೇ ಗೊತ್ತಿರುತ್ತಿತ್ತು, ಅಷ್ಟೇ. ಪೊರಕೆಯಿಂದ ಕಪಾಟಿನವರೆಗೆ ಎಲ್ಲವನ್ನೂ ಅವನೇ ತಂದುಕೊಡುತ್ತಿದ್ದುದರಿಂದ ಅವನನ್ನು ‘ಸಕಲ’ ಎಂದೇ ಕರೆಯುತ್ತಿದ್ದೆವು. ಅವನದಕ್ಕಿಂತ ಹೆಚ್ಚು ಬೆಲೆಯ ಉಳಿದ ಎರಡು ಕೊಟೇಶನ್ ಹುಟ್ಟಿಸುವುದು ಖರೀದಿ ಗುಮಾಸ್ತನಾದ ನನ್ನ ಕೆಲಸ.

ಅದಕ್ಕೆ ಬೇಕಾದದ್ದು ಸಹಿ, ಸೀಲು ಬಿದ್ದ ಖಾಲಿ ಲೆಟರ್‌ಹೆಡ್. ಮೇಜು, ಕುರ್ಚಿಯ ಫೈಲು ಬಂದಾಗ ಎದುರು ಬೀದಿಯ ಕುರ್ಚಿ ಅಂಗಡಿಯವನು ಒಂದು ಕೊಡುತ್ತಿದ್ದ. ಇನ್ನೊಂದಕ್ಕೆ ನಾನು ಯಾರ ಕಾಲಿಗೂ ಬೀಳಬೇಕಿರಲಿಲ್ಲ. ನನ್ನ ತಮ್ಮ ಬಡಗಿ, ಸ್ವಂತ ವರ್ಕ್‌ಶಾಪ್ ಇಟ್ಟಿದ್ದ. “ಆಫೀಸಿಗೆ ಬೇಕಪ್ಪ” ಅಂದಿದ್ದಕ್ಕೆ ಇಪ್ಪತ್ತು ಹಾಳೆಗೆ ಒಟ್ಟಿಗೆ ಸಹಿ ಮಾಡಿ ಕೊಟ್ಟ. ಆಗ ಅವನಿಗೆ ಕೈತುಂಬ ಕೆಲಸವಿತ್ತು. ಅಣ್ಣ ಕೇಳಿದರೆ ಯಾಕೆ ಎಂದವನೇ ಅಲ್ಲ. ಆ ಗುಣವನ್ನು ನಾನು ಆರು ವರ್ಷ ಚೆನ್ನಾಗಿ ಬಳಸಿಕೊಂಡೆ.

ಈ ವರ್ಷ ಅವನ ಕೆಲಸ ಕುಸಿಯಿತು. ಜನ ರೆಡಿಮೇಡ್ ಮಂಚ, ರೆಡಿಮೇಡ್ ಬಾಗಿಲು ಕೊಳ್ಳತೊಡಗಿದರು. ಗರಗಸದ ಮೆಷಿನ್ ಮಾರಿ ವರ್ಕ್‌ಶಾಪ್ ಮುಚ್ಚುವ ಮಾತು ಮನೆಯಲ್ಲಿ ನಡೆದಿತ್ತು. ಆಗ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಮೇಜಿನ ಮುಂದೆ ಬಂದು ನಿಂತ.

“ಅಣ್ಣಾ, ಪುರಸಭೆ ಶಾಲೆಗೆ ನಲವತ್ತು ಬೆಂಚು ಬೇಕಂತೆ, ಹೆಡ್‌ಮೇಡಂ ಹೇಳಿದ್ರು. ಕೊಟೇಶನ್ ಬರ್ಕೊಂಡು ಬಂದಿದೀನಿ. ಲಾಭ ಜಾಸ್ತಿ ಇಟ್ಟಿಲ್ಲ. ಇದೊಂದು ಸಿಕ್ಕಿದ್ರೆ ವರ್ಕ್‌ಶಾಪ್ ಉಳಿಯುತ್ತೆ.”

ಆ ಬೆಂಚಿನ ಫೈಲು ನನ್ನ ಮೊಣಕೈ ಕೆಳಗೇ ಇತ್ತು. ಹಿಂದಿನ ವಾರವೇ ಮೂರು ಕೊಟೇಶನ್ ಸೇರಿಸಿ ಮುಗಿಸಿದ್ದೆ. ಎಲ್ಲಕ್ಕಿಂತ ದುಬಾರಿಯಾದ ಮೂರನೆಯದು ತಮ್ಮನ ಹೆಸರಿನಲ್ಲಿತ್ತು. ಹಾಳೆ ಎಳೆದು ಟೈಪ್ ಮಾಡುವುದು ಎಷ್ಟು ರೂಢಿಯಾಗಿತ್ತೆಂದರೆ, ಈ ಹೆಸರಿನ ಹಿಂದೊಬ್ಬ ಮನುಷ್ಯನಿದ್ದಾನೆ, ಅವನಿಗೂ ಕೆಲಸ ಬೇಕಾಗಬಹುದು ಎಂಬುದೇ ತಲೆಗೆ ಹೊಳೆದಿರಲಿಲ್ಲ.

ಅವನನ್ನು ಕೂರಿಸಿ, ಫೈಲನ್ನೂ ಅವನು ತಂದ ಕೊಟೇಶನ್ನನ್ನೂ ಹಿಡಿದು ಮುಖ್ಯಾಧಿಕಾರಿಗಳ ಕೋಣೆಗೆ ಹೋದೆ. “ಹಳೇದು ಹರಿದು ಇದನ್ನ ಇಡ್ಲಾ ಸಾರ್?”

ಅವರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. “ಸಕಲನ ಹತ್ರ ಇಡೀ ಫೈಲಿನ ಜೆರಾಕ್ಸ್ ಇರುತ್ತೆ ಕಣ್ರೀ. ಅವನು ಸುಮ್ನಿರ್ತಾನಾ? ಒಂದೇ ಅಂಗಡಿ, ಒಂದೇ ಬೆಂಚು, ಹೋದ ವಾರ ಆ ರೇಟು, ಈ ವಾರ ಈ ರೇಟು. ಯಾವುದು ಸುಳ್ಳು ಅಂತ ಆಡಿಟ್‌ನೋರು ಕೇಳ್ತಾರೆ. ಆಮೇಲೆ ಆರು ವರ್ಷದ ಫೈಲು ತೆಗೀತಾರೆ. ಅದನ್ನೆಲ್ಲ ಟೈಪ್ ಮಾಡಿದೋರು ಯಾರು, ನೀವೇ ಹೇಳಿ.”

ನನಗೆ ನೌಕರಿ ಬೇಕಿತ್ತು. ತಮ್ಮನಿಗಿಂತ ನೌಕರಿಯೇ ಹೆಚ್ಚಾಗಿ ಬೇಕಿತ್ತು ಎಂಬುದು ಆ ಕೋಣೆಯಲ್ಲಿ ನನಗೆ ಮೊದಲ ಸಲ ತಿಳಿಯಿತು, ಹೇಸಿಗೆಯೂ ಆಯಿತು. ಆದರೂ ಫೈಲು ಹಾಗೇ ಮುಚ್ಚಿಕೊಂಡು ಹೊರಗೆ ಬಂದೆ.

ತಮ್ಮನಿಗೆ ಅವನ ಕೊಟೇಶನ್ ಹಿಂದಿರುಗಿಸಿ, ಫೈಲಿನಲ್ಲಿದ್ದ ಮೂರನೆಯದನ್ನು ತೋರಿಸಿದೆ. ಅವನು ನಿಧಾನವಾಗಿ, ಒಂದೊಂದೇ ಸಾಲು ಓದಿದ.

“ಸೈನ್ ನಂದೇ.”

“ಹೂಂ.”

“ಅಂದ್ರೆ ನನ್ನ ಹೆಸರಲ್ಲಿ ನಾನೇ ಸೋತಿದೀನಿ. ಎಷ್ಟು ವರ್ಷದಿಂದ ಅಣ್ಣಾ?”

“ಆರು.”

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ತನ್ನ ಹೊಸ ಕೊಟೇಶನ್ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋದ. ಸಂಜೆ ಅವನ ಹೆಂಡತಿ ಫೋನ್ ಮಾಡಿ, “ಭಾವ, ಏನಾಯ್ತು? ಬಂದಾಗಿಂದ ಮಾತೇ ಆಡ್ತಿಲ್ಲ” ಅಂದಳು. ಆಫೀಸಿನಲ್ಲಿ ತುಂಬ ಕೆಲಸ, ಆಮೇಲೆ ಹೇಳ್ತೀನಿ ಅಂತ ತಪ್ಪಿಸಿಕೊಂಡೆ. ಆ ‘ಆಮೇಲೆ’ ಇವತ್ತಿಗೂ ಬಂದಿಲ್ಲ.

ಬೆಂಚಿನ ಆರ್ಡರ್ ಸಕಲನಿಗೆ ಹೋಯಿತು. ಸಕಲನಿಗೆ ಮೊಳೆ ಹೊಡೆಯಲೂ ಬರುವುದಿಲ್ಲ. ಅವನು ತಮ್ಮನ ಗರಗಸದ ಮೆಷಿನ್ ಕೊಂಡುಕೊಂಡ. ಅದನ್ನು ಓಡಿಸಲು ಆಳು ಬೇಕಲ್ಲ, ದಿನಗೂಲಿಗೆ ತಮ್ಮನನ್ನೇ ಕರೆದ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ಅವನು ಹೋದ.

ಸರಬರಾಜಾದ ಸಾಮಾನು ಪರೀಕ್ಷಿಸಿ ಪಡೆದುಕೊಳ್ಳುವುದೂ ನನ್ನದೇ ಕೆಲಸ. ಸಕಲನ ಸಾಮಾನನ್ನು ನಾನೆಂದೂ ಕಣ್ಣೆತ್ತಿ ನೋಡಿದವನಲ್ಲ. ಅವತ್ತು ಶಾಲೆಯ ಕೋಣೆಯಲ್ಲಿ ನಲವತ್ತು ಬೆಂಚಿನ ಮೇಲೂ ಕೂತು ನೋಡಿದೆ. ಒಂದೂ ಅಲುಗಾಡಲಿಲ್ಲ. ಮಕ್ಕಳ ತೊಡೆಗೆ ಚುಚ್ಚದಂತೆ ಅಂಚುಗಳನ್ನೆಲ್ಲ ತಮ್ಮ ಉಜ್ಜಿ ನುಣುಪು ಮಾಡಿದ್ದ. ಬೆಂಚುಗಳ ಬೆನ್ನಿಗೆ ಸಕಲನ ಅಂಗಡಿಯ ಹೆಸರು ಬರೆದಿತ್ತು.

ತಮ್ಮ, ಸಕಲನ ರಸೀದಿ ಪುಸ್ತಕ ಹಿಡಿದುಕೊಂಡು, ಬಾಗಿಲಲ್ಲೇ ಕಾಯುತ್ತಿದ್ದ. ನಾನು ಕೊನೆಯ ಬೆಂಚಿನಿಂದ ಎದ್ದ ಮೇಲೆ ಒಳಗೆ ಬಂದು ಪುಸ್ತಕ ಮುಂದಿಟ್ಟ.

“ನಲವತ್ತೂ ಸರಿ ಇದೆಯಾ? ಇಲ್ಲೊಂದು ಸೈನ್ ಹಾಕಿ ಸಾರ್” ಅಂದ.

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.