ಹಗ್ಗದ ತುಂಬ ಲಂಗೋಟಿ

ಕೂಸು ಹುಟ್ಟಿದ ಮೇಲೆ ನನ್ನ ಎದೆ ನನ್ನದಾಗಿ ಉಳಿಯಲಿಲ್ಲ, ಊರ ಸ್ವತ್ತಾಯಿತು. ಮುಂಬೈ ಕಡೆಯ ಕೋಪರಿಯ ನಮ್ಮ ಚಾಳಿನಲ್ಲಿ ಯಾರು ಬಂದರೂ ಮೊದಲು ಕೇಳುವುದು, "ಮಲ್ಲಿಕಾ, ಹಾಲು ಬರ್ತಾವಿಲ್ಲ?" ಅಂತ. ಬರುತ್ತವೆ ಎಂದರೆ ನಂಬುವುದಿಲ್ಲ. ನನಗೆ ಮೈ ಉರಿಯುತ್ತಿತ್ತು, ಆದರೆ ಭಯವೂ ಇತ್ತು. ಆಸ್ಪತ್ರೆಯ ತಕ್ಕಡಿ ಕೂಸಿನ ತೂಕ ಇಳಿದಿದೆ ಎಂದು ತೋರಿಸಿತ್ತು. ಸೋಮವಾರ ಮತ್ತೆ ತೂಗುತ್ತೇವೆ, ಏರದಿದ್ದರೆ ಡಬ್ಬಿ ಹಾಲು ಶುರು ಮಾಡೋಣ ಎಂದಿದ್ದರು ಡಾಕ್ಟರು.

ತವರು ದೂರದ ವಿಜಯಪುರ. ಗಂಡ ಹಮಾಲಿಗೆ ಹೋದರೆ ಬರುವುದು ಕತ್ತಲಾದ ಮೇಲೆ; ಹಗಲೆಲ್ಲ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಹೀಗಾಗಿ ವಾಟ್ಸಾಪಿನ ಒಂದು ಗುಂಪು ಸೇರಿದೆ. ಠಾಣೆ, ಡೊಂಬಿವಲಿ, ಕಲ್ಯಾಣ ಕಡೆಯ ಕನ್ನಡದ ಬಾಣಂತಿಯರೆಲ್ಲ ಅಲ್ಲಿದ್ದರು. ನಡೆಸುವವರು ಖಾರಘರದ ಯಾಮಿನಿ, ಮೈಸೂರಿನವರು, ಎರಡು ಮಕ್ಕಳ ತಾಯಿ. ಬರೆಯಲು ಪುರುಸೊತ್ತಿಲ್ಲದೆ ನಾನು ವಾಯ್ಸ್ ಕಳಿಸುತ್ತಿದ್ದೆ.

"ಅಕ್ಕಾ, ಕೂಸು ಭಾಳ ಮಲಗತೈತ್ರಿ. ಎರಡು ಗುಟುಕು ಕುಡದು ಬಿಟ್ಟುಬಿಡತೈತಿ."

"ಲಂಗೋಟಿ ಚೆನ್ನಾಗಿ ಒದ್ದೆ ಆಗ್ತಿದೆಯಾ?"

"ಹಗ್ಗದ ತುಂಬ ಒಣಾ ಹಾಕೀನ್ರಿ."

"ಹಾಲು ಬಿಟ್ಟು ಬೇರೆ ಏನಾದ್ರೂ ಕೊಡ್ತಿದ್ದೀರಾ?"

"ಏನೂ ಇಲ್ರಿ."

"ಹಾಗಾದ್ರೆ ಹಾಲು ಸಾಕಾಗ್ತಿದೆ ಮಲ್ಲಿಕಾ. ಎಬ್ಬಿಸಿ ಎಬ್ಬಿಸಿ ಕುಡಿಸ್ತಾ ಇರಿ."

ಗುಂಪಿನವರೆಲ್ಲ ಧೈರ್ಯ ಹೇಳಿದರು. ಅವತ್ತು ಹೊಟ್ಟೆ ತುಂಬ ಉಂಡೆ.

ಶನಿವಾರ ಮಧ್ಯಾಹ್ನ ಕೂಸು ಎಬ್ಬಿಸಿದರೂ ಏಳಲಿಲ್ಲ. ಅಂಗಾಲು ಉಜ್ಜಿದೆ, ಕೆನ್ನೆಗೆ ಒದ್ದೆ ಕೈ ಹಚ್ಚಿದೆ. ಕಣ್ಣು ಅರ್ಧ ತೆರೆದು ಮುಚ್ಚಿತು. ಯಾಮಿನಿ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಕೂಸನ್ನು ತೋರಿಸುತ್ತಿದ್ದಾಗ ನನ್ನ ಅತ್ತೆ ದಾನಮ್ಮ ಬಟ್ಟಲು, ಚಮಚ ಹಿಡಿದು ಬಂದರು.

"ಬಾಯಿ ಒಣಗಿರಬೇಕ ತಡಿ, ಎರಡು ಚಮಚ ಹಾಕತೀನಿ."

"ಅಮ್ಮಾ, ಅದರಲ್ಲಿ ಏನಿದೆ?" ಯಾಮಿನಿ ಅಕ್ಕ ಕೇಳಿದರು.

"ನೀರ್ರಿ. ಹೊಟ್ಟಿ ಉಬ್ಬರಸಬಾರದಂತ ವಾವಡಿಂಗದ ಕಾಳು ಹಾಕಿ ಕುದಿಸೀನಿ. ಬಾಜೂ ಮನಿ ಆಜಿ ಹೇಳಿಕೊಟ್ಟಾಳ."

"ಎಷ್ಟು ಸಲ ಕೊಡ್ತೀರಿ?"

"ಅತ್ತಾಗೊಮ್ಮೆ ಕೊಡತೀನಿ. ಸೆಕಿ ಎಷ್ಟೈತಿ ನೋಡ್ರಿ."

ಯಾಮಿನಿ ಅಕ್ಕ ನನ್ನನ್ನು ಕರೆದರು. "ಬೇರೆ ಏನೂ ಕೊಡ್ತಿಲ್ಲ ಅಂದ್ರಲ್ಲ, ಮಲ್ಲಿಕಾ."

ನಾನು ಸುಳ್ಳು ಹೇಳಿರಲಿಲ್ಲ. ಅತ್ತೆ ನೀರು ಹಾಕುವುದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಉಪವಾಸ ಇದ್ದವರೂ ನೀರು ಕುಡಿಯುತ್ತಾರೆ, ಅದನ್ನು ಯಾರೂ ಊಟ ಅನ್ನುವುದಿಲ್ಲ. ನೀರು ಕೊಡುವುದನ್ನು ನಮ್ಮಲ್ಲಿ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಹಗ್ಗದ ತುಂಬ ಒಣಗುತ್ತಿದ್ದ ಲಂಗೋಟಿಗಳನ್ನು ನೋಡಿದೆ. ಅಷ್ಟೂ ನೀರೇ. ಹೊಟ್ಟೆ ತುಂಬ ನೀರಿದ್ದರೆ ಕೂಸು ಹಾಲು ಯಾಕೆ ಕೇಳೀತು?

"ಇನ್ನು ಒಂದು ತೊಟ್ಟೂ ನೀರು ಬೇಡ. ಈಗಲೇ ಆಸ್ಪತ್ರೆಗೆ ಹೊರಡಿ. ಡಾಕ್ಟರಿಗೆ ಮೊದಲು ನೀರಿನ ವಿಷಯ ಹೇಳಿ," ಎಂದರು ಯಾಮಿನಿ ಅಕ್ಕ. "ನೀರು ಅಂತ ನಾನೇ ಬಾಯಿಬಿಟ್ಟು ಕೇಳಬೇಕಿತ್ತು."

ರಿಕ್ಷಾದಲ್ಲಿ ನಾನು ಕೂಸಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಅತ್ತೆಯ ಮುಖ ನೋಡಿದರೆ ಬಾಯಿಗೆ ಬಂದದ್ದು ಅಂದುಬಿಡುತ್ತೇನೆಂದು ನೋಡಲೇ ಇಲ್ಲ.

ಮೈಯಲ್ಲಿ ನೀರು ಹೆಚ್ಚಾಗಿ ರಕ್ತದ ಉಪ್ಪು ಇಳಿದಿದೆ ಎಂದು ಹೇಳಿ ಕೂಸನ್ನು ಒಳಗೆ ಇಟ್ಟುಕೊಂಡರು. ನಾನು ಹೊರಗಿನ ಬೆಂಚಿನಲ್ಲಿ ಕೂತೆ. ಎದೆ ಕಲ್ಲಾಗಿ ನೋಯುತ್ತಿತ್ತು, ಕುಡಿಯುವವನು ಬಾಗಿಲ ಆಚೆ ಇದ್ದ. ಕೂಸನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿಯಷ್ಟೇ ಗುಂಪಿನಲ್ಲಿ ಆಗಲೇ ಹರಡಿತ್ತು. ಡೊಂಬಿವಲಿಯ ಜಯಲತಾ ಅವರ ವಾಯ್ಸ್ ಬಂದಿತ್ತು: "ಪಾಪ, ಅವಳಿಗೆ ಹಾಲೇ ಸಾಲಲಿಲ್ಲ ಅಂತ ಕಾಣುತ್ತೆ."

ಅತ್ತೆಯೂ ಅದನ್ನು ಕೇಳಿಸಿಕೊಂಡರು. "ಫೋನ್ ಕೊಡು. ಎಲ್ಲಿ ಒತ್ತಬೇಕ ತೋರಸ."

ತೋರಿಸಿದೆ.

"ನಾ ಮಲ್ಲಿಕಾನ ಅತ್ತಿ, ದಾನಮ್ಮ. ನೀರ ಹಾಕಿದಾಕಿ ನಾನು. ಕೂಸಿನ ಹೊಟ್ಟಿಯೊಳಗ ಹಾಲಿಗೆ ಜಾಗಾ ಉಳಿಸಲಿಲ್ಲ. ನನ್ನ ಸೊಸಿ ಹಾಲಿಗೆ ಯಾರೂ ಹೆಸರ ಇಡಬ್ಯಾಡ್ರಿ."

ಬಹಳ ಹೊತ್ತಾದ ಮೇಲೆ ಒಳಗಿನಿಂದ ಅಳು ಕೇಳಿತು. ನಮ್ಮದೇ ಕೂಸಿನ ಅಳು. ನರ್ಸ್ ಬಾಗಿಲು ತೆರೆದು, ಹಸಿದಿದ್ದಾನೆ, ಬಂದು ಕುಡಿಸಿ ಎಂದಳು. ಅಳು ಕೇಳುತ್ತಲೇ ಅತ್ತೆಯ ಕೈ ರೂಢಿಯಂತೆ ಚೀಲದಲ್ಲಿದ್ದ ನೀರಿನ ಬಾಟಲಿಗೆ ಹೋಯಿತು. ಅವರು ಮುಚ್ಚಳ ತೆಗೆದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

"ನೀ ಕುಡಿ ಯವ್ವ. ಕುಡದು, ಹೋಗಿ ಕುಡಸ."