ಬಾಡಿಗೆ ಮನೆಯ ಒಳಕಲ್ಲು

ನಾನು ಒಂದು ಒಳಕಲ್ಲು. ಮಿಕ್ಸಿ ಬಂದ ಮೇಲೆ ಹುಟ್ಟಿದವರಿಗೆ ಬಿಡಿಸಿ ಹೇಳುತ್ತೇನೆ: ಅಡುಗೆಮನೆಯ ನೆಲದಲ್ಲಿ ಅರ್ಧ ಹೂತು ಕೂತು, ಹೊಟ್ಟೆಯ ಗುಳಿಯಲ್ಲಿ ಗುಂಡುಕಲ್ಲು ತಿರುಗಿಸಿಕೊಂಡು, ಹಿಟ್ಟು ಚಟ್ನಿ ರುಬ್ಬಿಕೊಡುವ ಕಲ್ಲು. ಬಂಡೆಯಿಂದ ಸೀಳಿ ತೆಗೆದಾಗ ನೋವಾಗಲಿಲ್ಲವೇ ಎಂದು ಕೇಳಬೇಡಿ, ಆಯಿತು. ಒರಳಿಗೆ ತಲೆ ಕೊಟ್ಟ ಮೇಲೆ ಒನಕೆ ಪೆಟ್ಟಿಗೆ ಅಂಜಿದರಾದೀತೆ ಅನ್ನುತ್ತಾರೆ. ನಾನು ಆ ಒರಳಿನ ಕುಲವೇ. ಅಂಜುವುದು ನನ್ನ ಜಾಯಮಾನದಲ್ಲಿಲ್ಲ.

ತಿಪಟೂರಿನ ಒಂದು ಗಲ್ಲಿಯಲ್ಲಿ ಶಾಂತವೀರಪ್ಪನವರು ಬಾಡಿಗೆಗೆಂದೇ ಕಟ್ಟಿಸಿದ ಮನೆಯಲ್ಲಿ ನನ್ನನ್ನು ಕೂರಿಸಿದರು. ಮೊದಲು ಬಂದದ್ದು ಮೇಷ್ಟ್ರ ಸಂಸಾರ. ಅಬ್ಬಾ, ಆ ಮನೆಯವರು ತಿನ್ನುತ್ತಿದ್ದ ಇಡ್ಲಿ! ರುಬ್ಬಿ ರುಬ್ಬಿ ನನ್ನ ಮೈ ನುಣ್ಣಗಾಯಿತು. ಅವರಾದ ಮೇಲೆ ಕಾಲೇಜು ಹುಡುಗರು ಬಂದು ನನ್ನೊಳಗೆ ಈರುಳ್ಳಿ ತುಂಬಿಟ್ಟರು. ಥೂ, ಅಂಥ ಅವಮಾನ ಯಾವ ಕಲ್ಲಿಗೂ ಬೇಡ.

ಆಮೇಲೆ ಗಂಗಲಕ್ಷ್ಮಮ್ಮ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಹೆಂಗಸು. ಮೊದಲ ದಿನ ನೆನೆದ ಉದ್ದು ಹಾಕಿ ಗುಂಡು ತಿರುಗಿಸಿದರು. ಕಾಳು ಜಾರಿತೇ ಹೊರತು ನುರಿಯಲಿಲ್ಲ.

“ಅಯ್ಯೋ ಶಿವನೇ, ಬೊಚ್ಚುಬಾಯಿ ಆಗ್‌ಬಿಟ್ಟೈತಲ್ಲ ಇದು!” ಎಂದು ನಕ್ಕರು.

ನನಗೆ ಸಿಟ್ಟು ಬಂತು, ಆದರೆ ಮಾತು ನಿಜ. ಮಾರನೆಯ ದಿನವೇ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಕಲ್ಲುಕುಟಿಗನನ್ನು ಕರೆಸಿ, ಒಳಮೈಗೆಲ್ಲ ಉಳಿಯಿಂದ ಕಚ್ಚು ಹಾಕಿಸಿದರು. ಚುಕ್ಕಿ ಚುಕ್ಕಿಯಾಗಿ ಮೈ ಒರಟಾಯಿತು. ಉದ್ದು ಬೆಣ್ಣೆಯಂತೆ ಉಕ್ಕಿ ಬಂತು. ಸವೆದಾಗಲೆಲ್ಲ ಮತ್ತೆ ಕಚ್ಚು ಹಾಕಿಸುತ್ತಿದ್ದರು, ತಮ್ಮದೇ ಖರ್ಚಿನಲ್ಲಿ. ಅವರಿದ್ದಷ್ಟು ಕಾಲ ನಾನು ಸುಖವಾಗಿದ್ದೆ.

ಕೊನೆಗೆ ಗಂಗಲಕ್ಷ್ಮಮ್ಮನಿಗೆ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಪುಟ್ಟ ಅಂಗಡಿಯೊಂದು ಸಿಕ್ಕಿತು. ಗಾಡಿ ತಳ್ಳುವುದು ತಪ್ಪುತ್ತದೆ. ಆದರೆ ಮನೆ ಬಿಡುವ ದಿನವೇ ಸಂಜೆಯೊಳಗೆ ಅಲ್ಲಿ ಅಡ್ವಾನ್ಸ್ ಕಟ್ಟಬೇಕು, ಇಲ್ಲವಾದರೆ ಅಂಗಡಿ ಬೇರೆಯವರ ಪಾಲು. ಆ ದುಡ್ಡು ಈ ಮನೆಯ ಅಡ್ವಾನ್ಸ್ ವಾಪಸ್ ಬಂದರೇ ಹೊಂದುವುದು.

ಶಾಂತವೀರಪ್ಪನವರು ತೀರಿಕೊಂಡಿದ್ದರು. ಮನೆ ನೋಡಲು ಬಂದದ್ದು ಮಗ ನಿರಂಜನ. ಕೆಳಗಿನಿಂದ ನನಗೆ ಕಂಡದ್ದು ಅವನ ಹೊಳೆಯುವ ಬೂಟು ಮತ್ತು ಗಲ್ಲ. ಮೊಬೈಲಿನ ಬೆಳಕು ಬಿಟ್ಟು ಮೂಲೆ ಮೂಲೆ ತಡಕಿದ. ಕೊನೆಗೆ ನನ್ನ ಮೇಲೆ ಬಗ್ಗಿದ.

“ಏನಮ್ಮ ಇದು? ಕಲ್ಲೆಲ್ಲ ಕೊಚ್ಚಿ ಹಾಕಿದೀರ! ಗೋಡೆ ನೋಡಿದ್ರೆ ಮಸಿ. ಅಡ್ವಾನ್ಸಲ್ಲಿ ಅರ್ಧ ಹಿಡ್ಕೋತೀನಿ.”

ಅಯ್ಯೋ ಮಂಕೇ, ಅದು ಗಾಯವಲ್ಲ, ನನ್ನ ಹಲ್ಲು ಕಣೋ ಎಂದು ಕಿರುಚಿಕೊಂಡೆ. ಕಲ್ಲಿನ ಕೂಗು ಯಾರಿಗೆ ಕೇಳೀತು!

“ಕೊಚ್ಚಿಲ್ಲ ಅಣ್ಣ, ಕಚ್ಚು ಹಾಕ್ಸಿದೀನಿ. ಹಾಕ್ಸದಿದ್ರೆ ಕಲ್ಲು ಅರೆಯಲ್ಲ.”

“ಅದೆಲ್ಲ ನಂಗೊತ್ತಿಲ್ಲ. ಅಪ್ಪ ಕೊಟ್ಟಾಗ ನುಣ್ಣಗಿತ್ತು.”

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಗಾರೆ ಕೆಲಸದವನದು. “ಹೂಂ, ಅಡುಗೆಮನೆಗೂ ಟೈಲ್ಸೇ. ಕಲ್ಲು ಗಿಲ್ಲು ಎಲ್ಲ ಕಿತ್ತು ಹಿಂದಕ್ಕೆ ಬಿಸಾಕು,” ಅಂದ.

ಗಂಗಲಕ್ಷ್ಮಮ್ಮ ನನ್ನ ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಬೀಗದ ಕೈ ಸೆರಗಿನ ತುದಿಯಲ್ಲಿತ್ತು.

“ಬಿಸಾಕೋ ಕಲ್ಲಿಗೆ ನನ್ನ ಹತ್ರ ದಂಡ ಕೇಳ್ತೀಯಾ?”

ನಿರಂಜನ ತಡವರಿಸಿದ. “ಅದು... ಅದು ಬೇರೆ ವಿಷ್ಯ.”

“ಬೇರೆ ಅಲ್ಲ. ನೀನು ನೋಡದೆ ಇರೋದ್ನೂ ನಾನೇ ಹೇಳ್ತೀನಿ ಕೇಳು. ಬಚ್ಚಲ ಬಾಗ್ಲ ಚಿಲಕ ಮುರ್ದಿದ್ದು ನಾವು. ಅದ್ರ ದುಡ್ಡು ಹಿಡ್ಕೋ, ನ್ಯಾಯ. ಒಲೆ ಹಚ್ಚಿದ್ದಕ್ಕೆ ಗೋಡೆ ಮಸಿ ಆಗೈತೆ, ರುಬ್ಬಿದ್ದಕ್ಕೆ ಕಲ್ಲು ಸವೆದೈತೆ. ಒಡೆದಿದ್ದಕ್ಕೆ ಕೊಡ್ತೀನಿ ಕಣಪ್ಪ, ಬಾಳಿದ್ದಕ್ಕೆ ಕೊಡಲ್ಲ. ತಿಂಗ್ಳು ತಿಂಗ್ಳು ಬಾಡಿಗೆ ಕೊಟ್ಟಿದ್ದು ಮತ್ಯಾಕೆ?”

“ಮೊದ್ಲು ಎದ್ದೇಳಮ್ಮ, ಬೀಗದ ಕೈ ಕೊಡು.”

“ದುಡ್ಡು ಬರ್ಲಿ, ಏಳ್ತೀನಿ.”

ಅವನು ಜೋರು ಮಾಡಿದ, ಬೀದಿಯವರನ್ನು ಕರೆಯುತ್ತೇನೆಂದ. “ಕರಿ, ಅವ್ರಿಗೂ ಹೇಳ್ತೀನಿ,” ಎಂದು ಈಯಮ್ಮ ನನ್ನ ಅಂಚಿಗೆ ಒರಗಿಕೊಂಡರು. ನಾನು ಕಲ್ಲು, ಹಠ ನನ್ನ ಹುಟ್ಟುಗುಣ. ಆದರೆ ಅವತ್ತು ಆಕೆಯ ಮುಂದೆ ನಾನೇ ಮೆತ್ತಗೆ ಅನ್ನಿಸಿತು. ಹೊತ್ತು ಇಳಿಯುವ ಮೊದಲೇ ನಿರಂಜನ ಚಿಲಕದ ದುಡ್ಡು ಕಳೆದು ಉಳಿದದ್ದನ್ನು ತಂದುಕೊಟ್ಟ. ಗಂಗಲಕ್ಷ್ಮಮ್ಮ ಬೀಗದ ಕೈ ಇಟ್ಟು, ನನ್ನ ಮೈಯನ್ನೊಮ್ಮೆ ಸವರಿ, ಅಂಗಡಿ ಕೈತಪ್ಪೀತೆಂದು ಓಡಿದರು. ಅಂಗಡಿ ಸಿಕ್ಕಿತಂತೆ. ಬೀದಿಯವರು ಮಾತಾಡಿಕೊಂಡದ್ದು ಕೇಳಿ ನನ್ನ ಎದೆ ತಂಪಾಯಿತು.

ಟೈಲ್ಸ್ ಬಂತು. ಗಾರೆಯವನು ಹಾರೆ ಹಾಕಿ ಮೀಟಿದಾಗ ನನ್ನ ಅಂಚು ಚಟಾರನೆ ಒಡೆದುಹೋಯಿತು. ಅವನು ಗಾಬರಿಯಾಗಿ ಯಜಮಾನನ ಮುಖ ನೋಡಿದ. ಅವತ್ತು ನನ್ನ ಮೈಯ ಚುಕ್ಕಿ ಹುಡುಕಿ ದಂಡ ಕೇಳಿದ ಅದೇ ನಿರಂಜನ, “ಹೋಗ್ಲಿ ಬಿಡೋ, ಹಳೇ ಕಲ್ಲು,” ಅಂದ.

ಈಗ ಹಿತ್ತಿಲ ನಲ್ಲಿಯ ಪಕ್ಕ ಬಿದ್ದಿದ್ದೇನೆ. ಹೌದಪ್ಪ, ಹಳೇ ಕಲ್ಲೇ ನಾನು. ಒಂದು ಹಿಡಿ ನೆನೆದ ಉದ್ದು ಹಾಕಿ ನೋಡಿ, ಆಮೇಲೆ ಮಾತಾಡಿ.