ಕೇಬಲ್ ರಾಜಶೇಖರ್

ಮಲ್ಲಾಜಮ್ಮ ತಮ್ಮನ ಹಣೆಗೆ ವಿಭೂತಿ ಬಳಿಯುತ್ತಿದ್ದಾಗ ಚಾಮರಾಜನಗರದಿಂದ ನೀಲಕಂಠಸ್ವಾಮಿ ಬಂದ. ಗೋಡೆಗೆ ಒರಗಿಸಿ ಕೂರಿಸಿದ್ದ ರಾಜಶೇಖರನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. ಗೆಳೆಯರಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ಹೆಂಗಾಯ್ತಕ್ಕ?"

"ಆಫೀಸಲ್ಲಿ ಕೂತಿದ್ದಂಗೇ ಎದೆ ನೋವು ಅಂದನಂತೆ. ಆಸ್ಪತ್ರೆಗೆ ಓಗೋಗಂಟ ಉಳೀಲಿಲ್ಲ ಕಣಪ್ಪ."

ರಾಜಶೇಖರನ ಹೆಂಡತಿ ನಾಗರತ್ನ ಅಳುತ್ತಿರಲಿಲ್ಲ. ತಲೆಯೆತ್ತಿ, "ಕಾಫಿ ಕುಡುದ್ರಾ, ನೀಲಕಂಠಣ್ಣ?" ಎಂದಳು, ಅವನು ದಿನಾ ಬರುವವನೇನೋ ಎಂಬಂತೆ.

*

ಮೊದಲು ಇಬ್ಬರೂ ಕೇಬಲ್ ಟಿವಿಯವರು. ನೀಲಕಂಠಸ್ವಾಮಿ ಚಾಮರಾಜನಗರದಲ್ಲಿ, ರಾಜಶೇಖರ ಇಲ್ಲಿ ಗುಂಡ್ಲುಪೇಟೆಯಲ್ಲಿ. 2004ರಲ್ಲಿ ಜೊತೆಗೂಡಿ ಬ್ರಾಡ್‌ಬ್ಯಾಂಡ್ ತಂದರು. ಅಲ್ಲಿನ ಟವರಿನಿಂದ ಇಲ್ಲಿನ ಟವರಿಗೆ ಸಿಗ್ನಲ್; ಇಲ್ಲಿಂದ ಮನೆಮನೆಗೆ ರಾಜಶೇಖರನೇ ಕಂಬ ಹತ್ತಿ ಎಳೆದ ತಂತಿ. ಮೊದಲ ಕನೆಕ್ಷನ್ ಅರಿಶಿನದ ವ್ಯಾಪಾರಿ ಗುರುಪಾದಸ್ವಾಮಿಗೆ. ಆ ದಿನದ ಈರೋಡು ಮಾರುಕಟ್ಟೆಯ ಅರಿಶಿನದ ರೇಟು ಪರದೆಯ ಮೇಲೆ ಮೂಡಿದಾಗ ಮುದುಕ, "ಲೇ ರಾಜ, ಈರೋಡು ನನ್ ಅಂಗ್ಡಿಗೇ ಬಂತಲ್ಲಾ!" ಎಂದು ಕೂಗಿ ಅಕ್ಕಪಕ್ಕದವರನ್ನೆಲ್ಲ ಸೇರಿಸಿದ್ದ.

ಆಮೇಲೆ ಮೈಸೂರಿನ ದೊಡ್ಡ ಕಂಪನಿಯೊಂದು ಒಂದೊಂದೇ ಊರು ಕೊಳ್ಳುತ್ತ ಬಂತು. ನೀಲಕಂಠಸ್ವಾಮಿ ತನ್ನದನ್ನು ಮಾರಿ, ಆ ಕಂಪನಿಯಲ್ಲೇ ಮ್ಯಾನೇಜರಾದ.

"ನಂಗೊಂದು ಮಾತು ಏಳ್ಬಾರ್ದಿತ್ತಾ?" ಎಂದು ಕೇಳಿದ ರಾಜಶೇಖರ.

"ಏಳಿದ್ರೆ ಬ್ಯಾಡ ಅಂತಿದ್ದೆ ಕಣ್ಲಾ."

"ಅಂತಿದ್ದೆ."

ಅದೇ ಕೊನೆಯ ಮಾತು. ಸಿಗ್ನಲ್ ಚಾಮರಾಜನಗರದಿಂದಲೇ ಬರಬೇಕು, ಅದೀಗ ಕಂಪನಿಯದು. ಬೇರೆ ದಾರಿಯಿಲ್ಲದೆ ರಾಜಶೇಖರನೂ ಮಾರಾಟದ ಪತ್ರಕ್ಕೆ ಸಹಿ ಹಾಕಿದ. ಅವನ ಬೋರ್ಡು ಇಳಿಯಿತು. ತನ್ನದೇ ಆಗಿದ್ದ ಆಫೀಸಿನಲ್ಲಿ, ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡು, ಜನರ ದೂರು ಕೇಳುತ್ತ ಕೂತ.

*

ಮಧ್ಯಾಹ್ನ ಹೂವಿನ ವಿಮಾನದಲ್ಲಿ ರಾಜಶೇಖರನನ್ನು ಕೂರಿಸಿ, ಹೆಗಲ ಮೇಲೆ ಹೊತ್ತು ಮಣ್ಣು ಮಾಡಲು ಹೊರಟರು. ಅಂಗಡಿ ಬೀದಿಯ ತಿರುವಿನಲ್ಲಿ ಜೋತುಬಿದ್ದ ತಂತಿಯೊಂದು ಅಡ್ಡ ಬಂತು. ತಮಟೆ ನಿಂತಿತು.

"ಕುಯ್ದಾಕ್ರಲಾ ಅತ್ಲಾಗೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ನಂಜುಂಡಪ್ಪ.

"ಕಂಪನಿದು ಕಣಣ್ಣ. ತಡೀರಿ, ಮೈಸೂರಿಗೆ ಒಂದ್ಮಾತು ಕೇಳ್ಬುಡ್ತೀನಿ." ನೀಲಕಂಠಸ್ವಾಮಿ ಮೊಬೈಲ್ ಕಿವಿಗಿಟ್ಟ. ಆ ಕಡೆ ಯಾರೂ ಎತ್ತಲಿಲ್ಲ. ಬಿಸಿಲಿತ್ತು. ಹೊತ್ತವರು ಹೆಗಲು ಬದಲಿಸಿದರು.

ನಾಗರತ್ನ ಹಿಂದಿನಿಂದ ಬಂದಳು. "ಯಾರ್ನೂ ಕೇಳ್ಬ್ಯಾಡಿ. ಕುಯ್ಯೋದೂ ಬ್ಯಾಡ, ನಮ್ ಯಜಮಾನ್ರು ಎಳ್ದಿರೋದು." ಬಟ್ಟೆ ಅಂಗಡಿಯ ಮುಂದಿದ್ದ ಬಿದಿರು ಗಳ ತೆಗೆದುಕೊಂಡು ಜಗಲಿ ಹತ್ತಿದಳು. ತಂತಿಯನ್ನು ಮೇಲೆತ್ತಿ ಹಿಡಿದಳು.

ವಿಮಾನ ದಾಟಿತು. ತಮಟೆ ಮತ್ತೆ ಶುರುವಾಯಿತು. ಜನರೆಲ್ಲ ದಾಟುವವರೆಗೂ ಅವಳು ಕೈ ಇಳಿಸಲಿಲ್ಲ. ಕೊನೆಗೆ ಉಳಿದವನು ನೀಲಕಂಠಸ್ವಾಮಿ. ತಂತಿ ಅವನ ತಲೆಯಿಂದ ಮಾರುದ್ದ ಮೇಲಿತ್ತು. ಆದರೂ ಅವನು ಬಗ್ಗಿಯೇ ದಾಟಿದ.